ಪ್ರತಿದ್ರವ್ಯಕ್ಕಿಂತ ದ್ರವ್ಯ ಯಾಕೆ ಜಾಸ್ತಿ ಉಳಿಯಿತು? ಗೊತ್ತಿದ್ದವರು ಬಿಡಿಸಿ ಹೇಳಿ

ಕಣಕುತೂಹಲಿ:
ಡಿಗ್ರಿಯಲ್ಲಿ ಭೌತಶಾಸ್ತ್ರ ಓದ್ತಾ ಇದ್ದೇನೆ. ಶಕ್ತಿಯಿಂದ ಕಣ ಹುಟ್ಟುವಾಗ ಜೋಡಿಯಾಗಿಯೇ ಹುಟ್ಟಬೇಕು ಅಂತ ಪಠ್ಯದಲ್ಲಿದೆ. ಎಲೆಕ್ಟ್ರಾನ್ ಬಂದರೆ ಜೊತೆಗೆ ಪಾಸಿಟ್ರಾನ್, ಪ್ರೋಟಾನ್ ಬಂದರೆ ಜೊತೆಗೆ ಆಂಟಿಪ್ರೋಟಾನ್. ತೂಕ ಒಂದೇ ಆಗಿ ಚಾರ್ಜ್ ವಿರುದ್ಧವಾಗಿರುವ ಇಂಥ ಪ್ರತಿಕಣಗಳಿಂದ ಆದದ್ದೇ ಪ್ರತಿದ್ರವ್ಯ. ಎರಡೂ ಮತ್ತೆ ಸಿಕ್ಕರೆ ಎರಡೂ ಇಲ್ಲವಾಗಿ ಬೆಳಕು ಉಳಿಯುತ್ತದೆ. ಇಷ್ಟು ಹೇಳಿ ಪಠ್ಯ ಮುಂದಿನ ಅಧ್ಯಾಯಕ್ಕೆ ಹೋಗಿಬಿಡುತ್ತದೆ.

ಹಾಗಾದರೆ ಮಹಾಸ್ಫೋಟದಲ್ಲೂ ಎರಡೂ ಸಮಸಮ ಹುಟ್ಟಿರಬೇಕು ಅಲ್ವಾ? ಎಲ್ಲವೂ ಒಂದಕ್ಕೊಂದು ಸಿಕ್ಕು ಮುಗಿದುಹೋಗಬೇಕಿತ್ತು. ನಕ್ಷತ್ರಗಳು, ಗ್ರಹಗಳು, ನಾವು, ಇವೆಲ್ಲ ಎಲ್ಲಿಂದ ಬಂತು? ಲೆಕ್ಕ ಬಂದರೂ ಪರವಾಗಿಲ್ಲ, ವಿವರವಾಗಿ ಹೇಳಿ.

ನೀಲಿಚುಕ್ಕೆ:
ಇಷ್ಟು ವರ್ಷ ಈ ವಿಷಯ ಪಾಠ ಮಾಡಿದರೂ ಇದರ ಬಗ್ಗೆ ಮಾತಾಡೋದಂದ್ರೆ ನನಗೆ ಇನ್ನೂ ಹುರುಪು. ಯಾಕೆ ಅಂತ ಕೇಳುವ ಮೊದಲು ಎಷ್ಟು ಉಳಿದಿದೆ ಅಂತ ನೋಡೋಣ. ಇಡೀ ಕಥೆ ಆ ಒಂದು ಸಂಖ್ಯೆಯ ಮೇಲೆ ನಿಂತಿದೆ.

ಆಕಾಶದ ಎಲ್ಲ ಕಡೆಯಿಂದ ಬರುವ ಹಿನ್ನೆಲೆ ಮೈಕ್ರೋವೇವ್ ಬೆಳಕು ಇದೆಯಲ್ಲ, ಅದು ಮಹಾಸ್ಫೋಟದ ಉಳಿಕೆ. ಈಗ ಪ್ರತಿ ಘನ ಸೆಂಟಿಮೀಟರ್‌ನಲ್ಲಿ ಅದರ ಸುಮಾರು 411 ಫೋಟಾನ್, ಅಂದರೆ ಬೆಳಕಿನ ಕಣ, ಇವೆ. ಪ್ರೋಟಾನ್, ನ್ಯೂಟ್ರಾನ್‌ಗಳನ್ನು ವಿಶ್ವದ ತುಂಬಾ ಸಮನಾಗಿ ಹರಡಿದರೆ ಸುಮಾರು 4 ಘನ ಮೀಟರ್‌ಗೆ ಒಂದು ಸಿಗುತ್ತದೆ. ಭಾಗಿಸಿ ನೋಡಿ. ಒಂದು ಪ್ರೋಟಾನಿಗೆ ಸರಿಸುಮಾರು 160 ಕೋಟಿ ಫೋಟಾನ್. ಅನುಪಾತವಾಗಿ ಬರೆದರೆ 6×10⁻¹⁰.

ಆ ಬೆಳಕಿನ ಬಹುಪಾಲು ಕಣ ಮತ್ತು ಪ್ರತಿಕಣ ಒಂದಕ್ಕೊಂದು ಡಿಕ್ಕಿ ಹೊಡೆದು ಇಲ್ಲವಾದಾಗ ಬಂದದ್ದು. ಅಂದರೆ ಶುರುವಿನಲ್ಲಿ ಹೆಚ್ಚುಕಡಿಮೆ ನೂರು ಕೋಟಿ ಪ್ರತಿಕಣಕ್ಕೆ ನೂರು ಕೋಟಿಯ ಮೇಲೊಂದು ಕಣ ಇತ್ತು. ನೂರು ಕೋಟಿ ಜೋಡಿ ಅಳಿದವು. ಆ ಒಂದು ಉಳಿಯಿತು. ಎಲ್ಲ ಗೆಲಾಕ್ಸಿಗಳೂ ಆ ಒಂದರಿಂದಲೇ ಆಗಿವೆ.

ಪೂರ್ತಿ ಸಮ ಇದ್ದಿದ್ದರೂ ಏನೂ ಉಳಿಯುತ್ತಿರಲಿಲ್ಲ ಅಂತಲ್ಲ. ವಿಶ್ವ ಹಿಗ್ಗುತ್ತಾ ಹೋದಂತೆ ಕೊನೆಯ ಕೆಲವು ಕಣಗಳಿಗೆ ಜೋಡಿ ಸಿಗದೆ ಹೋಗುತ್ತದೆ. ಆದರೆ ಆಗ ಉಳಿಯುವ ಅನುಪಾತ ಸುಮಾರು 10⁻¹⁸. ಈಗಿರುವುದಕ್ಕಿಂತ ಕೋಟ್ಯಂತರ ಪಟ್ಟು ಕಡಿಮೆ. ಅದರಲ್ಲಿ ನಕ್ಷತ್ರ ಕಟ್ಟಲು ಆಗದು.

ಈ ಸಂಖ್ಯೆಯನ್ನು ಎರಡು ಬೇರೆ ದಾರಿಯಲ್ಲಿ ಅಳೆದಿದ್ದಾರೆ. ಮಹಾಸ್ಫೋಟದ ಮೊದಲ ಕೆಲವು ನಿಮಿಷಗಳಲ್ಲಿ ಎಷ್ಟು ಡ್ಯೂಟೀರಿಯಂ (ಒಂದು ನ್ಯೂಟ್ರಾನ್ ಹೆಚ್ಚಿರುವ ಭಾರದ ಹೈಡ್ರೋಜನ್) ಉಳಿಯಿತು ಅನ್ನೋದು ಈ ಅನುಪಾತದ ಮೇಲೆ ನಿಂತಿದೆ. ದೂರದ ಅನಿಲ ಮೋಡಗಳಲ್ಲಿ ನೋಡಿದರೆ ಒಂದು ಲಕ್ಷ ಹೈಡ್ರೋಜನ್‌ಗೆ ಸುಮಾರು ಎರಡೂವರೆ ಡ್ಯೂಟೀರಿಯಂ ಇದೆ. ಇನ್ನೊಂದು ದಾರಿ 3,80,000 ವರ್ಷಗಳ ನಂತರ ಹೊರಟ ಹಿನ್ನೆಲೆ ಬೆಳಕಿನಲ್ಲಿರುವ ಸಣ್ಣ ಏರಿಳಿತಗಳು. ಪ್ಲಾಂಕ್ ಉಪಗ್ರಹ ಅದನ್ನು ಬಹಳ ನಿಖರವಾಗಿ ಅಳೆಯಿತು. ಎರಡೂ ಒಂದೇ ಉತ್ತರ ಕೊಡುತ್ತವೆ. ಹಾಗಾಗಿ ಸಂಖ್ಯೆಯ ಬಗ್ಗೆ ಜಗಳ ಇಲ್ಲ. ಅದು ಎಲ್ಲಿಂದ ಬಂತು ಅನ್ನೋದೇ ಪ್ರಶ್ನೆ.

ತಾರಾಪಥ:
ಹೆಚ್ಚು ಕಮ್ಮಿ ಆಗಿಯೇ ಇಲ್ಲ ಅಂತ ಯಾಕೆ ಇಟ್ಟುಕೊಳ್ಳಬಾರದು? ಪ್ರತಿದ್ರವ್ಯ ಬೇರೆ ಕಡೆ ಇರಬಹುದಲ್ವಾ? ನಾವು ನೋಡುವ ಗೆಲಾಕ್ಸಿಗಳಲ್ಲಿ ಅರ್ಧ ಪ್ರತಿದ್ರವ್ಯದ್ದೇ ಆಗಿದ್ದರೆ? ಎರಡರಿಂದಲೂ ಬರುವ ಬೆಳಕು ಒಂದೇ ಥರ ಇರುತ್ತದೆ. ದೂರದರ್ಶಕದಲ್ಲಿ ನೋಡಿ ಹೇಳೋಕೆ ಆಗಲ್ಲ.

ನೀಲಿಚುಕ್ಕೆ:
ಬೆಳಕು ನೋಡಿ ಹೇಳೋಕೆ ಆಗಲ್ಲ, ಅದು ನಿಜ. ಆದರೆ ಗಡಿ ನೋಡಿ ಹೇಳಬಹುದು. ಗೆಲಾಕ್ಸಿಗಳ ನಡುವಿನ ಜಾಗ ಪೂರ್ತಿ ಖಾಲಿ ಇಲ್ಲ, ತೆಳುವಾದ ಅನಿಲ ಇದೆ. ಗೆಲಾಕ್ಸಿ ಗುಚ್ಛಗಳ ಒಳಗಂತೂ ಬಿಸಿ ಅನಿಲ ತುಂಬಿರುತ್ತದೆ. ಒಂದು ಕಡೆ ದ್ರವ್ಯ, ಪಕ್ಕದಲ್ಲಿ ಪ್ರತಿದ್ರವ್ಯ ಇದ್ದರೆ ಅವೆರಡು ತಾಗುವಲ್ಲೆಲ್ಲ ಪ್ರೋಟಾನ್, ಆಂಟಿಪ್ರೋಟಾನ್ ಸೇರಿ ಪಯಾನ್ ಎಂಬ ಅಲ್ಪಾಯುಷಿ ಕಣಗಳಾಗುತ್ತವೆ. ಚಾರ್ಜ್ ಇಲ್ಲದ ಪಯಾನ್ ತಕ್ಷಣ ಒಡೆದು ಗಾಮಾ ಕಿರಣ ಕೊಡುತ್ತದೆ. ಆಕಾಶದಲ್ಲಿ ಅಂಥ ಹೊಳೆಯುವ ಗಡಿಗಳು ಕಾಣಬೇಕು. ಕಾಣುತ್ತಿಲ್ಲ.

ಕೋಹೆನ್, ಡಿ ರುಹುಲಾ, ಗ್ಲಾಶೋ ಎಂಬ ಮೂವರು 1998ರಲ್ಲಿ ಇದನ್ನು ಪೂರ್ತಿ ಲೆಕ್ಕ ಹಾಕಿದರು. ಪ್ರತಿದ್ರವ್ಯದ ಪ್ರದೇಶ ಅಂತ ಇದ್ದರೆ ಅದು ಹೆಚ್ಚುಕಡಿಮೆ ನಮಗೆ ಕಾಣುವ ವಿಶ್ವದಷ್ಟೇ ದೊಡ್ಡದಾಗಿರಬೇಕು ಅಂತ ಉತ್ತರ ಬಂತು. ಅಂದರೆ ನಮ್ಮ ಕಣ್ಣಳತೆಯಲ್ಲಿ ಇರುವುದೆಲ್ಲ ದ್ರವ್ಯವೇ.

ಕಾಸ್ಮಿಕ್ ಕಿರಣಗಳಲ್ಲಿ ಆಂಟಿಪ್ರೋಟಾನ್ ಸಿಗುತ್ತವೆ, ಹತ್ತು ಸಾವಿರ ಪ್ರೋಟಾನಿಗೆ ಒಂದರ ಲೆಕ್ಕದಲ್ಲಿ. ಆದರೆ ಅವು ಪ್ರೋಟಾನ್‌ಗಳು ಅಂತರತಾರಾ ಅನಿಲಕ್ಕೆ ಡಿಕ್ಕಿ ಹೊಡೆದಾಗ ಹುಟ್ಟಿದವು. ಹಳೆಯ ಉಳಿಕೆ ಅಲ್ಲ. 2011ರಿಂದ ಅಂತರಿಕ್ಷ ನಿಲ್ದಾಣದಲ್ಲಿರುವ ಎಎಂಎಸ್ ಉಪಕರಣ ಆಂಟಿಹೀಲಿಯಂ ಹುಡುಕುತ್ತಿದೆ. ಆ ತಂಡ ಕೆಲವು ಸುಳಿವುಗಳ ಬಗ್ಗೆ ಮಾತಾಡಿದೆ, ಖಚಿತವಾಗಿ ಸಿಕ್ಕಿದೆ ಅಂತ ಹೇಳಿಲ್ಲ.

ಸ್ಕ್ಯಾನ್‌ಕೋಣೆ:
ನಾನು ಪೆಟ್ ಸ್ಕ್ಯಾನ್ ವಿಭಾಗದಲ್ಲಿ ಟೆಕ್ನಿಷಿಯನ್. ಪಾಸಿಟ್ರಾನ್ ನಮಗೆ ದಿನದ ಕೆಲಸ, ಅದಕ್ಕೇ ಈ ಚರ್ಚೆ ಓದ್ತಾ ಇದ್ದೇನೆ.

ನಾವು ಕೊಡುವ ಔಷಧಿಯಲ್ಲಿ ಫ್ಲೋರಿನ್-18 ಇರುತ್ತದೆ. ಅದರ ಅರ್ಧಾಯುಷ್ಯ 110 ನಿಮಿಷ. ನ್ಯೂಕ್ಲಿಯಸ್‌ನಲ್ಲಿ ಒಂದು ಪ್ರೋಟಾನ್ ನ್ಯೂಟ್ರಾನ್ ಆಗಿ ಬದಲಾಗುವಾಗ ಪಾಸಿಟ್ರಾನ್ ಹೊರಬರುತ್ತದೆ. ದೇಹದೊಳಗೆ ಅದು ಒಂದು ಮಿಲಿಮೀಟರ್ ಆಸುಪಾಸು ಹೋಗುವಷ್ಟರಲ್ಲಿ ಎಲೆಕ್ಟ್ರಾನ್ ಸಿಕ್ಕಿ ಎರಡೂ ಇಲ್ಲವಾಗುತ್ತವೆ. 511 ಕೆಇವಿ ಶಕ್ತಿಯ ಎರಡು ಗಾಮಾ ಫೋಟಾನ್ ಒಂದಕ್ಕೊಂದು ಎದುರು ದಿಕ್ಕಿಗೆ ಹೊರಡುತ್ತವೆ. ಸುತ್ತ ಇರುವ ಡಿಟೆಕ್ಟರ್ ಉಂಗುರದಲ್ಲಿ ಎದುರುಬದುರಿನ ಎರಡು ಹರಳುಗಳಿಗೆ ಕೆಲವೇ ನ್ಯಾನೋಸೆಕೆಂಡ್ ಒಳಗೆ ಒಟ್ಟಿಗೆ ಬಡಿದರೆ ಮಾತ್ರ ಯಂತ್ರ ಎಣಿಸುತ್ತದೆ. ಒಂದಕ್ಕೆ ಮಾತ್ರ ಬಡಿದರೆ ಬಿಟ್ಟುಬಿಡುತ್ತದೆ. ಎರಡು ಹರಳುಗಳ ನಡುವೆ ಗೆರೆ ಎಳೆಯುತ್ತದೆ. ಅಂಥ ಲಕ್ಷಾಂತರ ಗೆರೆ ಸೇರಿದ ಮೇಲೆ ಚಿತ್ರ ಬರುತ್ತದೆ.

ನನ್ನ ಪ್ರಶ್ನೆ ಇದು. ಇಲ್ಲಿ ಪಾಸಿಟ್ರಾನ್ ಒಂಟಿಯಾಗಿ ಹುಟ್ಟುತ್ತಿದೆ. ಜೊತೆಗೆ ಎಲೆಕ್ಟ್ರಾನ್ ಹುಟ್ಟುವುದಿಲ್ಲ. ಜೋಡಿಯಾಗಿಯೇ ಹುಟ್ಟಬೇಕು ಅನ್ನುವ ನಿಯಮ ಇಲ್ಲೇ ಮುರಿದಂತೆ ಆಗಲಿಲ್ಲವೇ?

ನೀಲಿಚುಕ್ಕೆ:
ಎಷ್ಟೋ ಪುಸ್ತಕಗಳು ಇದನ್ನು ಬಿಡಿಸಿ ಹೇಳುವುದಿಲ್ಲ. ನೀವು ಕೇಳಿದ್ದು ಉಪಕಾರವಾಯಿತು.

ಮುರಿದಿಲ್ಲ. ಪಾಸಿಟ್ರಾನ್ ಜೊತೆಗೆ ಒಂದು ನ್ಯೂಟ್ರಿನೋ, ಅಂದರೆ ಚಾರ್ಜ್ ಇಲ್ಲದ ತೀರಾ ಹಗುರ ಕಣ, ಕೂಡ ಹೊರಡುತ್ತದೆ, ನಿಮ್ಮ ಯಂತ್ರಕ್ಕೆ ಅದು ಕಾಣುವುದಿಲ್ಲ. ಎಲೆಕ್ಟ್ರಾನ್, ನ್ಯೂಟ್ರಿನೋ ಇವೆರಡೂ ಲೆಪ್ಟಾನ್ ಜಾತಿ. ಲೆಕ್ಕದಲ್ಲಿ ಕಣಕ್ಕೆ +1, ಪ್ರತಿಕಣಕ್ಕೆ −1 ಅಂತ ಎಣಿಸುತ್ತಾರೆ. ಹಾಗಾಗಿ ಪಾಸಿಟ್ರಾನಿಗೆ ಲೆಪ್ಟಾನ್ ಲೆಕ್ಕದಲ್ಲಿ −1, ನ್ಯೂಟ್ರಿನೋಗೆ +1. ಕೂಡಿದರೆ ಸೊನ್ನೆ. ಪ್ರೋಟಾನ್ ಹೋಗಿ ನ್ಯೂಟ್ರಾನ್ ಬಂತು, ಎರಡೂ ಬ್ಯಾರಿಯಾನ್ ಜಾತಿ, ಆ ಲೆಕ್ಕವೂ ಬದಲಾಗಲಿಲ್ಲ. ಪ್ರಯೋಗಾಲಯದಲ್ಲಿ ಇವತ್ತಿನವರೆಗೆ ನೋಡಿದ ಪ್ರತಿಯೊಂದು ಘಟನೆಯಲ್ಲೂ ಈ ಎರಡು ಲೆಕ್ಕ ಸರಿಹೋಗಿವೆ. ಒಂದೇ ಒಂದು ಕಡೆಯೂ ತಪ್ಪಿಲ್ಲ.

ಆದರೂ ವಿಶ್ವದ ಒಟ್ಟು ಬ್ಯಾರಿಯಾನ್ ಲೆಕ್ಕ ಸೊನ್ನೆ ಇಲ್ಲ. ಎಲ್ಲೋ ಯಾವಾಗಲೋ ತಪ್ಪಿರಲೇಬೇಕು.

ಪ್ರಶ್ನಾರ್ಥಕ:
ಯಾಕೆ ತಪ್ಪಿರಬೇಕು? ಶುರುವಾದಾಗಲೇ ಸ್ವಲ್ಪ ಜಾಸ್ತಿ ಇತ್ತು ಅಂದುಕೊಂಡರೆ ಮುಗಿಯಿತಲ್ಲ. ಪ್ರತಿಯೊಂದಕ್ಕೂ ಕಾರಣ ಇರಲೇಬೇಕು ಅಂತ ಹಠ ಯಾಕೆ? ನಾನು ಎಂಜಿನಿಯರ್, ಆರಂಭದ ಸ್ಥಿತಿ ಕೊಟ್ಟಿದ್ದನ್ನು ತಗೊಂಡು ಮುಂದೆ ಲೆಕ್ಕ ಮಾಡೋದು ನಮಗೆ ರೂಢಿ.

ನೀಲಿಚುಕ್ಕೆ:
ನ್ಯಾಯವಾದ ಮಾತು. ಆದರೆ ಅದಕ್ಕೆ ಒಂದು ಅಡ್ಡಿ ಇದೆ. ವಿಶ್ವ ತೀರಾ ಮೊದಲಿಗೆ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತಿನಲ್ಲಿ ಭಯಂಕರವಾಗಿ ಹಿಗ್ಗಿತು ಅನ್ನುವ ಇನ್‌ಫ್ಲೇಶನ್ ಸಿದ್ಧಾಂತವನ್ನು ಬಹಳಷ್ಟು ವಿಜ್ಞಾನಿಗಳು ಒಪ್ಪುತ್ತಾರೆ. ಹಿನ್ನೆಲೆ ಬೆಳಕಿನ ಅಳತೆಗಳು ಅದಕ್ಕೆ ಚೆನ್ನಾಗಿ ಹೊಂದುತ್ತವೆ. ಆ ಹಿಗ್ಗುವಿಕೆ ಉದ್ದದಲ್ಲೇ ಕನಿಷ್ಠ 10²⁶ ಪಟ್ಟು. ಗಾತ್ರಕ್ಕೆ ಅದರ ಘನ, 10⁷⁸. ಅದಕ್ಕೂ ಮೊದಲು ಎಷ್ಟೇ ಹೆಚ್ಚುವರಿ ಕಣ ಇದ್ದರೂ ಇಲ್ಲದಷ್ಟು ತೆಳುವಾಗಿ ಹೋಗುತ್ತದೆ. ಹಿಗ್ಗಿ ಮುಗಿದ ಮೇಲೆ ಆ ಶಕ್ತಿಯೇ ಹೊಸದಾಗಿ ಕಣಗಳಾಯಿತು. ಅಂದರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಹಾಗಾಗಿ 6×10⁻¹⁰ ಆಮೇಲೆ ಹುಟ್ಟಿದ್ದೇ ಆಗಬೇಕು.

ಇನ್‌ಫ್ಲೇಶನ್ ಬೇಡ ಅನ್ನುವವರಿಗೆ ನಿಮ್ಮ ದಾರಿ ತೆರೆದಿದೆ. ನನಗೆ ಮಾತ್ರ ಅದು ಒಪ್ಪಿಗೆಯಾಗುವುದಿಲ್ಲ. ನೂರು ಕೋಟಿಗೆ ಒಂದು ಅನ್ನುವಂಥ ಸಣ್ಣ, ಆದರೆ ಸೊನ್ನೆ ಅಲ್ಲದ ಸಂಖ್ಯೆ ಕಂಡರೆ ಅದರ ಹಿಂದೆ ಏನೋ ನಡೆದಿದೆ ಅಂತ ಮನಸ್ಸು ಹೇಳುತ್ತದೆ.

ಕಣಕುತೂಹಲಿ:
ಸರ್, ಸೊನ್ನೆಯಿಂದ ಶುರುವಾಗಿ ಈ ಸಂಖ್ಯೆಗೆ ಬರಬೇಕಾದರೆ ಏನೇನು ಬೇಕು?

ನೀಲಿಚುಕ್ಕೆ:
1967ರಲ್ಲಿ ಸೋವಿಯತ್ ಭೌತವಿಜ್ಞಾನಿ ಆಂಡ್ರೇ ಸಖರೋವ್ ಅದನ್ನು ಒಂದು ಪುಟ್ಟ ಲೇಖನದಲ್ಲಿ ಹೇಳಿದ. ಮೂರು ಷರತ್ತು.

ಬ್ಯಾರಿಯಾನ್ ಲೆಕ್ಕ ತಪ್ಪುವ ಯಾವುದಾದರೂ ಕ್ರಿಯೆ ಇರಬೇಕು. ಇದು ಗೊತ್ತಾಗುವ ಮಾತೇ. ಎರಡನೆಯದು, ಕಣಕ್ಕೂ ಪ್ರತಿಕಣಕ್ಕೂ ನಿಯಮ ಸ್ವಲ್ಪ ಬೇರೆ ಇರಬೇಕು. ಇಲ್ಲದಿದ್ದರೆ ಕಣ ಹುಟ್ಟಿಸುವ ಪ್ರತಿ ಕ್ರಿಯೆಗೂ ಅಷ್ಟೇ ವೇಗದಲ್ಲಿ ಪ್ರತಿಕಣ ಹುಟ್ಟಿಸುವ ಕ್ರಿಯೆ ಇರುತ್ತದೆ. ಮೂರನೆಯದನ್ನು ಜನ ಮರೆಯುವುದೇ ಜಾಸ್ತಿ. ಆ ಹೊತ್ತಿನಲ್ಲಿ ವಿಶ್ವ ಉಷ್ಣ ಸಮತೋಲದಲ್ಲಿ ಇರಬಾರದು. ಸಮತೋಲದಲ್ಲಿ ಮುಂದಕ್ಕೆ ಎಷ್ಟು ಸಲ ನಡೆಯುತ್ತದೋ ಹಿಂದಕ್ಕೂ ಅಷ್ಟೇ ಸಲ ನಡೆಯುತ್ತದೆ. ಕಣ ಮತ್ತು ಪ್ರತಿಕಣದ ತೂಕ ಒಂದೇ ಆದ್ದರಿಂದ ಕೊನೆಗೆ ಎರಡರ ಎಣಿಕೆಯೂ ಒಂದೇ ಆಗುತ್ತದೆ. ಗಳಿಸಿದ್ದೆಲ್ಲ ಅಳಿಸಿಹೋಗುತ್ತದೆ.

ಮುಂದೆ ಬಂದ ಎಲ್ಲ ಸಿದ್ಧಾಂತಗಳನ್ನೂ ಈ ಮೂರರ ಮುಂದೆ ಇಟ್ಟೇ ನೋಡುತ್ತಾರೆ.

ತಾರಾಪಥ:
ಎರಡನೇ ಷರತ್ತು ನಿಜವಾಗಿಯೂ ಕಂಡಿದೆಯಾ? ಕಣ, ಪ್ರತಿಕಣ ಕನ್ನಡಿ ಬಿಂಬ ಇದ್ದಂತೆ ಅಂತಾರಲ್ಲ.

ನೀಲಿಚುಕ್ಕೆ:
ಕಂಡಿದೆ. ಆ ಪ್ರಯೋಗ ನನಗೆ ಬಹಳ ಇಷ್ಟ, ಸ್ವಲ್ಪ ಉದ್ದವಾಗಿ ಹೇಳ್ತೇನೆ.

1957ರಲ್ಲಿ ಚಿಯೆನ್-ಶಿಯುಂಗ್ ವೂ ಕೋಬಾಲ್ಟ್-60 ಇಟ್ಟುಕೊಂಡು, ಪ್ರೋಟಾನ್ ನ್ಯೂಟ್ರಾನ್ ಆಗುವಂಥ ಬದಲಾವಣೆಗಳನ್ನು ನಡೆಸುವ ದುರ್ಬಲ ಬಲಕ್ಕೆ ಎಡ-ಬಲದ ವ್ಯತ್ಯಾಸ ಗೊತ್ತು ಅಂತ ತೋರಿಸಿದ್ದಳು. ಹಾಗಂತ ಗೊತ್ತಾದ ಮೇಲೆ ಜನ ಒಂದು ಸಮಾಧಾನ ಕಂಡುಕೊಂಡರು. ಎಡ-ಬಲ ಅದಲುಬದಲು ಮಾಡಿ, ಜೊತೆಗೆ ಕಣವನ್ನು ಪ್ರತಿಕಣ ಮಾಡಿದರೆ ನಿಯಮ ಮತ್ತೆ ಒಂದೇ ಆಗುತ್ತದೆ ಅಂತ. ಇದಕ್ಕೆ ಸಿಪಿ ಸಮರೂಪತೆ ಅಂತ ಹೆಸರು.

1964ರಲ್ಲಿ ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಕ್ರೋನಿನ್, ಫಿಚ್ ಮತ್ತು ಅವರ ಜೊತೆಗಾರರು ತಟಸ್ಥ ಕೇಯಾನ್ ಎಂಬ ಕಣ ತೆಗೆದುಕೊಂಡರು. ಅದು ಎರಡು ಬಗೆ. ಒಂದು ಬಗೆಯದು ಬೇಗ ಸಾಯುತ್ತದೆ, ಎರಡು ಪಯಾನ್ ಆಗಿ ಒಡೆಯುತ್ತದೆ, ಕೆಲವು ಸೆಂಟಿಮೀಟರ್‌ಗಿಂತ ದೂರ ಹೋಗೋದು ಕಷ್ಟ. ಇನ್ನೊಂದು ಐನೂರು ಪಟ್ಟಿಗಿಂತ ಜಾಸ್ತಿ ಕಾಲ ಬದುಕುತ್ತದೆ. ಸಿಪಿ ನಿಯಮ ಸರಿ ಇದ್ದರೆ ಈ ಎರಡನೆಯದು ಎರಡು ಪಯಾನ್ ಆಗಿ ಯಾವತ್ತೂ ಒಡೆಯಬಾರದು.

ಅವರು ಡಿಟೆಕ್ಟರನ್ನು ಕೇಯಾನ್ ಹುಟ್ಟುವ ಜಾಗದಿಂದ 17 ಮೀಟರ್‌ನಷ್ಟು ದೂರ ಇಟ್ಟರು. ಅಲ್ಲಿಗೆ ಬರುವಷ್ಟರಲ್ಲಿ ಬೇಗ ಸಾಯುವ ಬಗೆ ಒಂದೂ ಉಳಿದಿರುವುದಿಲ್ಲ. ಉಳಿದದ್ದೆಲ್ಲ ಎರಡನೆಯದೇ. ಆದರೂ ಎರಡು ಪಯಾನ್ ಬರುತ್ತಿದ್ದವು. ಸುಮಾರು ಐನೂರರಲ್ಲಿ ಒಂದು ಸಲ. ಗಾಳಿಗೆ ಬಡಿದು ಹಾಗೆ ಆಗಿರಬಾರದು ಅಂತ ಕೇಯಾನ್ ಸಾಗುವ ದಾರಿಯಲ್ಲಿ ಹೀಲಿಯಂ ತುಂಬಿದ ಚೀಲ ಇಟ್ಟಿದ್ದರು. ಆದ್ದರಿಂದ ಗಾಳಿಯ ಮೇಲೆ ಹಾಕುವಂತೆಯೂ ಇರಲಿಲ್ಲ. 1980ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಹೆಚ್ಚು ಕಾಲ ಬದುಕುವ ಅದೇ ಕೇಯಾನಿನ ಇನ್ನೊಂದು ಗುಣ ಇದಕ್ಕಿಂತ ಬೆರಗು ಹುಟ್ಟಿಸುತ್ತದೆ. ಅದು ಕೆಲವೊಮ್ಮೆ ಪಾಸಿಟ್ರಾನ್ ಕೊಟ್ಟು ಒಡೆಯುತ್ತದೆ, ಕೆಲವೊಮ್ಮೆ ಎಲೆಕ್ಟ್ರಾನ್ ಕೊಟ್ಟು. ಅಂಥ ಒಂದು ಲಕ್ಷ ಒಡೆತ ಎಣಿಸಿದರೆ ಪಾಸಿಟ್ರಾನ್ ಸುಮಾರು 50,166 ಸಲ, ಎಲೆಕ್ಟ್ರಾನ್ 49,834 ಸಲ. ವ್ಯತ್ಯಾಸ ಶೇಕಡಾ 0.33. ದೂರದ ಯಾವುದೋ ಲೋಕದವರ ಜೊತೆ ರೇಡಿಯೋದಲ್ಲಿ ಮಾತ್ರ ಮಾತಾಡಲು ಸಾಧ್ಯ ಅಂದುಕೊಳ್ಳಿ. ಅವರು ಯಾವ ದ್ರವ್ಯದವರು ಅಂತ ಹೀಗೆ ಕೇಳಬಹುದು: "ನಿಮ್ಮ ಪರಮಾಣುಗಳ ಹೊರಗೆ ಸುತ್ತುವ ಕಣ, ಕೇಯಾನ್ ಒಡೆದಾಗ ಕಡಿಮೆ ಸಲ ಬರುವಂಥದ್ದೋ, ಜಾಸ್ತಿ ಸಲ ಬರುವಂಥದ್ದೋ?" ಕಡಿಮೆ ಅಂದರೆ ನಮ್ಮಂತೆ. ಜಾಸ್ತಿ ಅಂದರೆ ಕೈ ಕುಲುಕಲು ಹೋಗಬಾರದು. ದ್ರವ್ಯ, ಪ್ರತಿದ್ರವ್ಯ ಅನ್ನುವ ಭೇದ ನಾವು ಇಟ್ಟ ಹೆಸರು ಮಾತ್ರ ಅಲ್ಲ, ಪ್ರಕೃತಿಗೇ ಗೊತ್ತಿರುವ ಭೇದ.

ಕಣಕುತೂಹಲಿ:
ಹಾಗಾದರೆ ಉತ್ತರ ಸಿಕ್ಕಿಬಿಟ್ಟಿತಲ್ಲ ಸರ್? ನಿಯಮದಲ್ಲೇ ಭೇದ ಇದೆ.

ನೀಲಿಚುಕ್ಕೆ:
ಭೇದ ಇದೆ, ಆದರೆ ಸಾಲುವುದಿಲ್ಲ. ನೋವಿನ ಸಂಗತಿ ಅದೇ.

1973ರಲ್ಲಿ ಕೊಬಯಾಶಿ ಮತ್ತು ಮಸ್ಕಾವಾ, ಪ್ರೋಟಾನ್‌ನಂಥವನ್ನು ಕಟ್ಟುವ ಕ್ವಾರ್ಕ್ ಎಂಬ ಕಣಗಳಲ್ಲಿ ಮೂರು ಪೀಳಿಗೆ (ಪೀಳಿಗೆಗೆ ಎರಡು) ಇದ್ದರೆ ಈ ಭೇದ ತಾನಾಗಿ ಬರುತ್ತದೆ ಅಂತ ತೋರಿಸಿದರು. ಆಗ ಮೂರು ಕ್ವಾರ್ಕ್ ಮಾತ್ರ ಪ್ರಯೋಗದಲ್ಲಿ ಗೊತ್ತಿದ್ದವು, ಅವರು ಆರು ಬೇಕು ಅಂದರು! ಆಮೇಲೆ ಆರೂ ಸಿಕ್ಕವು. 2001ರಲ್ಲಿ ಅಮೆರಿಕದ ಬಾಬಾರ್, ಜಪಾನಿನ ಬೆಲ್ ಪ್ರಯೋಗಗಳು ಬಿ ಮೆಸಾನ್ ಎಂಬ ಕಣಗಳಲ್ಲಿ ಈ ಭೇದವನ್ನು ಅವರಿಬ್ಬರು ಹೇಳಿದಂತೆಯೇ ಕಂಡವು. 2019ರಲ್ಲಿ ಯುರೋಪಿನ ಸರ್ನ್ ಪ್ರಯೋಗಾಲಯದ ಎಲ್‌ಎಚ್‌ಸಿ ಕಣ ಡಿಕ್ಕಿ ಯಂತ್ರದಲ್ಲಿರುವ ಎಲ್‌ಎಚ್‌ಸಿಬಿ ಪ್ರಯೋಗ ಚಾರ್ಮ್ ಕ್ವಾರ್ಕ್ ಇರುವ ಕಣಗಳಲ್ಲಿ ಕಂಡಿತು. 2025ರಲ್ಲಿ ಅದೇ ಪ್ರಯೋಗ ಮೊದಲ ಸಲ ಬ್ಯಾರಿಯಾನ್‌ನಲ್ಲಿ, ಅಂದರೆ ಪ್ರೋಟಾನಿನ ಜಾತಿಯದೇ ಕಣದಲ್ಲಿ, ಈ ಭೇದ ಹಿಡಿಯಿತು. ಲ್ಯಾಂಬ್ಡಾ-ಬಿ ಎಂಬ ಆ ಕಣಕ್ಕೂ ಅದರ ಪ್ರತಿಕಣಕ್ಕೂ ಒಂದು ಬಗೆಯ ಒಡೆತದಲ್ಲಿ ಸುಮಾರು ಶೇಕಡಾ 2.5 ವ್ಯತ್ಯಾಸ.

ಇವೆಲ್ಲ ಒಂದೇ ಮೂಲದಿಂದ, ಅಂದರೆ ದುರ್ಬಲ ಬಲದಲ್ಲಿ ಬೇರೆ ಬೇರೆ ಪೀಳಿಗೆಯ ಕ್ವಾರ್ಕ್‌ಗಳು ಬೆರೆಯುವುದರಿಂದ, ಬರುವಂಥವು. ಆ ಮೂಲದಿಂದ ವಿಶ್ವಕ್ಕೆ ಎಷ್ಟು ಹೆಚ್ಚುವರಿ ಕಣ ಸಿಗುತ್ತದೆ ಅಂತ ಅಂದಾಜು ಮಾಡಿದರೆ 10⁻²⁰ರ ಆಸುಪಾಸು ಬರುತ್ತದೆ. ನಮಗೆ ಬೇಕಾದದ್ದು 10⁻¹⁰ರ ಹತ್ತಿರ. ಸಾವಿರ ಕೋಟಿ ಪಟ್ಟು ಕೊರತೆ. ಕ್ವಾರ್ಕ್‌ಗಳ ಬೆರಕೆ ಸಣ್ಣದು, ಅವುಗಳ ತೂಕದ ಅಂತರಗಳೂ ಆ ಕಾಲದ ಬಿಸಿಯ ಮುಂದೆ ಸಣ್ಣವು. ಎಲ್ಲವನ್ನೂ ಗುಣಿಸುತ್ತಾ ಹೋದರೆ ಏನೂ ಉಳಿಯುವುದಿಲ್ಲ.

ಪ್ರಶ್ನಾರ್ಥಕ:
ಮೊದಲ ಷರತ್ತು ಏನಾಯಿತು? ಬ್ಯಾರಿಯಾನ್ ಲೆಕ್ಕ ಒಂದು ಕಡೆಯೂ ತಪ್ಪಿಲ್ಲ ಅಂದಿರಿ. ತಪ್ಪದೇ ಇದ್ದರೆ ಇಡೀ ಸಿದ್ಧಾಂತ ಬಿದ್ದುಹೋಗುತ್ತದೆ.

ನ್ಯೂಟ್ರಿನೋಪ್ರಿಯೆ:
ಇದಕ್ಕೆ ನಾನು ಉತ್ತರ ಕೊಡಬಹುದಾ ಸರ್? ನನ್ನ ಸಂಶೋಧನೆ ಈ ಕಡೆಯದೇ.

ಬ್ಯಾರಿಯಾನ್ ಲೆಕ್ಕ ತಪ್ಪುವ ದಾರಿ ನಮಗೆ ಗೊತ್ತಿರುವ ಸಿದ್ಧಾಂತದಲ್ಲೇ ಅಡಗಿದೆ. ಅದರ ಹೆಸರು ಸ್ಫಲೆರಾನ್. ಅತಿ ಬಿಸಿಯಲ್ಲಿ, ಸುಮಾರು 10¹⁵ ಡಿಗ್ರಿಗಿಂತ ಮೇಲೆ, ದುರ್ಬಲ ಬಲದ ಕ್ಷೇತ್ರ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುತ್ತದೆ. ಪ್ರತಿ ಸಲ ದಾಟುವಾಗ ಬ್ಯಾರಿಯಾನ್ ಲೆಕ್ಕ ಮೂರು, ಲೆಪ್ಟಾನ್ ಲೆಕ್ಕ ಮೂರು ಒಟ್ಟಿಗೆ ಬದಲಾಗುತ್ತವೆ. ಎರಡರ ವ್ಯತ್ಯಾಸ ಮಾತ್ರ ಬದಲಾಗುವುದಿಲ್ಲ. ಈಗಿನ ತಣ್ಣಗಿನ ವಿಶ್ವದಲ್ಲಿ ಇದು ನಡೆಯುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಪ್ರೋಟಾನ್ ಸುರಕ್ಷಿತ. 1985ರಲ್ಲಿ ಕುಜ್ಮಿನ್, ರುಬಕೋವ್, ಶಪೋಶ್ನಿಕೋವ್ ಇದು ಬಿಸಿ ವಿಶ್ವದಲ್ಲಿ ಜೋರಾಗಿ ನಡೆಯುತ್ತಿತ್ತು ಅಂತ ತೋರಿಸಿದರು.

ಪ್ರೋಟಾನೇ ನೇರವಾಗಿ ಒಡೆಯಬಹುದು ಅನ್ನುವ ಮಹಾ ಏಕೀಕರಣ ಸಿದ್ಧಾಂತಗಳೂ ಇವೆ. ಜಪಾನಿನ ಸೂಪರ್ ಕಾಮಿಯೋಕಾಂಡೆಯಲ್ಲಿ 50,000 ಟನ್ ನೀರು ಇಟ್ಟು ದಶಕಗಳಿಂದ ಕಾಯುತ್ತಿದ್ದಾರೆ. ಒಂದೂ ಒಡೆದದ್ದು ಕಂಡಿಲ್ಲ. ಮುಖ್ಯವಾದ ಒಂದು ಬಗೆಯ ಒಡೆತಕ್ಕೆ ಪ್ರೋಟಾನಿನ ಆಯಸ್ಸು 2.4×10³⁴ ವರ್ಷಕ್ಕಿಂತ ಹೆಚ್ಚು ಅಂತ ಹೇಳಿದ್ದಾರೆ. ಮಹಾ ಏಕೀಕರಣ ಸಿದ್ಧಾಂತಗಳಲ್ಲಿ ಸರಳವಾದವುಗಳಿಗೆ ಇನ್ನೊಂದು ತೊಂದರೆ. ಅವು ಮೊದಲೇ ಹುಟ್ಟಿಸಿದ ಹೆಚ್ಚುವರಿಯನ್ನು ಸ್ಫಲೆರಾನ್‌ಗಳು ಆಮೇಲೆ ತೊಳೆದುಬಿಡುತ್ತವೆ.

ಕಣಕುತೂಹಲಿ:
ಮೇಡಂ, ಸ್ಫಲೆರಾನ್ ಇದ್ದ ಮೇಲೆ ಮೂರನೇ ಷರತ್ತೂ ಸಿಕ್ಕರೆ ಸಾಕಲ್ವಾ?

ನ್ಯೂಟ್ರಿನೋಪ್ರಿಯೆ:
ಅದೇ ಆಸೆ ಬಹಳ ಜನಕ್ಕೆ ಇತ್ತು. ಹಿಗ್ಸ್ ಕ್ಷೇತ್ರ ಎಚ್ಚೆತ್ತು ಕಣಗಳಿಗೆ ತೂಕ ಬಂದ ಆ ಕ್ಷಣ ಇದೆಯಲ್ಲ, ಅದು ನೀರು ಕುದಿದಂತೆ ಗುಳ್ಳೆ ಗುಳ್ಳೆಯಾಗಿ ನಡೆದಿದ್ದರೆ ಗುಳ್ಳೆಗಳ ಅಂಚಿನಲ್ಲಿ ಸಮತೋಲ ಮುರಿಯುತ್ತಿತ್ತು. ಗುಳ್ಳೆಯ ಒಳಗೆ ಸ್ಫಲೆರಾನ್ ನಿಂತುಹೋಗಿ, ಒಳಗೆ ಬಂದ ಹೆಚ್ಚುವರಿ ಕಣಗಳು ಉಳಿಯುತ್ತಿದ್ದವು. ಅದಕ್ಕೆ ಹಿಗ್ಸ್ ಹಗುರ ಇರಬೇಕು, ಸುಮಾರು 70 ಜಿಇವಿ ಆಸುಪಾಸಿಗಿಂತ ಕಡಿಮೆ (ಈ ಅಳತೆಯಲ್ಲಿ ಪ್ರೋಟಾನಿನ ತೂಕ ಸುಮಾರು 1). 2012ರಲ್ಲಿ ಸರ್ನ್‌ನಲ್ಲಿ ಸಿಕ್ಕ ಹಿಗ್ಸ್ 125 ಜಿಇವಿ. ಆ ತೂಕಕ್ಕೆ ಬದಲಾವಣೆ ನಯವಾಗಿ ಆಗಿಹೋಗುತ್ತದೆ, ಗುಳ್ಳೆ ಏಳುವುದಿಲ್ಲ. ಹೊಸ ಕಣ ಯಾವುದಾದರೂ ಹಿಗ್ಸ್ ಜೊತೆ ಸೇರಿಕೊಂಡಿದ್ದರೆ ಮಾತ್ರ ಗುಳ್ಳೆ ಏಳಬಹುದು.

ನಾನು ನಂಬಿಕೆ ಇಟ್ಟಿರುವುದು ಬೇರೆ ದಾರಿಯಲ್ಲಿ. 1986ರಲ್ಲಿ ಫುಕುಗಿಟಾ ಮತ್ತು ಯನಗಿಡಾ ಹೇಳಿದ್ದು. ನ್ಯೂಟ್ರಿನೋಗಳ ತೂಕ ತೀರಾ ಕಡಿಮೆ. ಜರ್ಮನಿಯ ಕ್ಯಾಟ್ರಿನ್ ಪ್ರಯೋಗದ ಪ್ರಕಾರ 0.45 ಎಲೆಕ್ಟ್ರಾನ್ ವೋಲ್ಟ್‌ಗಿಂತ ಕಡಿಮೆ, ಎಲೆಕ್ಟ್ರಾನಿಗೆ ಹೋಲಿಸಿದರೆ ಹತ್ತು ಲಕ್ಷದಲ್ಲಿ ಒಂದು ಪಾಲೂ ಇಲ್ಲ. ಅಷ್ಟು ಹಗುರ ಯಾಕೆ? ಅದಕ್ಕೆ ಅತಿ ಭಾರದ ಒಡಹುಟ್ಟಿದ ನ್ಯೂಟ್ರಿನೋಗಳಿವೆ, ಅವು ಎಷ್ಟು ಭಾರವೋ ಇವು ಅಷ್ಟು ಹಗುರ ಅನ್ನುವುದು ಒಂದು ಚೆಂದದ ಉತ್ತರ. ಆ ಭಾರದವು ಆದಿಯಲ್ಲಿ ಹುಟ್ಟಿ, ವಿಶ್ವ ತಣ್ಣಗಾದಂತೆ ಒಡೆದವು. ಲೆಪ್ಟಾನ್ ಕೊಟ್ಟು ಒಡೆಯುವುದಕ್ಕಿಂತ ಪ್ರತಿಲೆಪ್ಟಾನ್ ಕೊಟ್ಟು ಒಡೆಯುವುದು ತುಸು ಜಾಸ್ತಿ ಇದ್ದರೆ ಸಾಕು. ಆ ಹೆಚ್ಚುವರಿ ಪ್ರತಿಲೆಪ್ಟಾನ್‌ಗಳ ಸುಮಾರು ಮೂರನೇ ಒಂದು ಪಾಲನ್ನು ಸ್ಫಲೆರಾನ್‌ಗಳು ಬ್ಯಾರಿಯಾನ್ ಲೆಕ್ಕಕ್ಕೆ ಬದಲಾಯಿಸಿಕೊಡುತ್ತವೆ. ಮೂರೂ ಷರತ್ತು ಒಂದೇ ಕಥೆಯಲ್ಲಿ ಮುಗಿಯುತ್ತವೆ. ನ್ಯೂಟ್ರಿನೋ ಯಾಕೆ ಹಗುರ, ನಾವು ಯಾಕೆ ಇದ್ದೇವೆ, ಎರಡಕ್ಕೂ ಒಂದೇ ಉತ್ತರ.

ಪ್ರಶ್ನಾರ್ಥಕ:
ಕಥೆ ಚೆನ್ನಾಗಿದೆ ಮೇಡಂ. ಆ ಭಾರದ ನ್ಯೂಟ್ರಿನೋ ಯಾರು ನೋಡಿದ್ದಾರೆ? ನೋಡಲು ಆಗುತ್ತದಾ?

ನ್ಯೂಟ್ರಿನೋಪ್ರಿಯೆ:
ನೇರವಾಗಿ ಆಗುವುದಿಲ್ಲ. ಈ ಸಿದ್ಧಾಂತದ ಸರಳ ರೂಪದಲ್ಲಿ ಅದರ ತೂಕ ಕನಿಷ್ಠ ಒಂದು ಪ್ರೋಟಾನಿನ ನೂರು ಕೋಟಿ ಪಟ್ಟು. ಎಲ್‌ಎಚ್‌ಸಿಯ ಡಿಕ್ಕಿಯಲ್ಲಿ ಸಿಗುವ ಶಕ್ತಿಗಿಂತ ಹತ್ತಾರು ಸಾವಿರ ಪಟ್ಟು ಜಾಸ್ತಿ. ಹಾಗಾಗಿ ಎರಡು ಸುಳಿವುಗಳನ್ನು ಹಿಡಿದು ಹೊರಟಿದ್ದೇವೆ.

ಒಂದು, ನ್ಯೂಟ್ರಿನೋ ತನಗೆ ತಾನೇ ಪ್ರತಿಕಣವೇ ಅನ್ನುವುದು. ಹೌದಾದರೆ ಕೆಲವು ನ್ಯೂಕ್ಲಿಯಸ್‌ಗಳು ಬಹಳ ಅಪರೂಪಕ್ಕೆ ಎರಡು ಎಲೆಕ್ಟ್ರಾನ್ ಮಾತ್ರ ಉಗುಳಿ, ನ್ಯೂಟ್ರಿನೋ ಇಲ್ಲದೆಯೇ ಬದಲಾಗಬೇಕು. ಮೇಲೆ ಪೆಟ್ ಸ್ಕ್ಯಾನಿನ ವಿಷಯದಲ್ಲಿ ಲೆಪ್ಟಾನ್ ಲೆಕ್ಕ ಸರಿಹೋಯಿತಲ್ಲ, ಇಲ್ಲಿ ಎರಡು ತಪ್ಪುತ್ತದೆ. ಹೊಸ ದ್ರವ್ಯ ಎರಡು ಕಣ ಹುಟ್ಟಿತು, ಪ್ರತಿದ್ರವ್ಯ ಏನೂ ಹುಟ್ಟಲಿಲ್ಲ. ಜಪಾನಿನ ಕಾಮ್‌ಲ್ಯಾಂಡ್-ಝೆನ್ ಪ್ರಯೋಗ ನೂರಾರು ಕಿಲೋ ಕ್ಸೆನಾನ್ ಇಟ್ಟು ನೋಡಿತು. ಇನ್ನೂ ಕಂಡಿಲ್ಲ. ಅರ್ಧಾಯುಷ್ಯ 3.8×10²⁶ ವರ್ಷಕ್ಕಿಂತ ಜಾಸ್ತಿ ಅನ್ನುವಲ್ಲಿಗೆ ಬಂದಿದ್ದಾರೆ.

ಇನ್ನೊಂದು, ನ್ಯೂಟ್ರಿನೋ ಮತ್ತು ಪ್ರತಿನ್ಯೂಟ್ರಿನೋ ಸಾಗುವ ದಾರಿಯಲ್ಲಿ ಬೇರೆ ಬೇರೆ ಥರ ಬದಲಾಗುತ್ತವೆಯೇ ಅಂತ. ಜಪಾನಿನ ಟಿ2ಕೆ ಪ್ರಯೋಗ ತೊಕಾಯಿಯಿಂದ 295 ಕಿಲೋಮೀಟರ್ ದೂರದ ಕಾಮಿಯೋಕಾಗೆ ಮ್ಯೂಆನ್ ಬಗೆಯ ನ್ಯೂಟ್ರಿನೋ ಕಳಿಸುತ್ತದೆ, ಆಮೇಲೆ ಪ್ರತಿನ್ಯೂಟ್ರಿನೋ ಕಳಿಸುತ್ತದೆ. ಎಷ್ಟು ಎಲೆಕ್ಟ್ರಾನ್ ಬಗೆಯವಾಗಿ ಬಂದವು ಅಂತ ಎಣಿಸುತ್ತದೆ. ಅವರ 2020ರ ಫಲಿತಾಂಶ ವ್ಯತ್ಯಾಸ ಇದೆ ಅನ್ನುವ ಕಡೆ ವಾಲಿತು. ಅಮೆರಿಕದ ನೋವಾ ಪ್ರಯೋಗದ್ದು ಅಷ್ಟು ವಾಲಲಿಲ್ಲ. 2025ರಲ್ಲಿ ಎರಡೂ ತಂಡಗಳು ಸೇರಿ ಮಾಡಿದ ವಿಶ್ಲೇಷಣೆಯಲ್ಲೂ ತೀರ್ಮಾನ ಆಗಿಲ್ಲ. ಜಪಾನಿನಲ್ಲಿ ಹೈಪರ್ ಕಾಮಿಯೋಕಾಂಡೆ, ಅಮೆರಿಕದಲ್ಲಿ 1,300 ಕಿಲೋಮೀಟರ್ ಉದ್ದದ ಡ್ಯೂನ್ ಕಟ್ಟುತ್ತಿದ್ದಾರೆ. ತೀರ್ಮಾನ ಅಲ್ಲಿಂದ ಬರಬೇಕು.

ಒಂದು ಮಾತು ಮುಚ್ಚಿಡಬಾರದು. ಹಗುರ ನ್ಯೂಟ್ರಿನೋದಲ್ಲಿ ಭೇದ ಕಂಡ ಮಾತ್ರಕ್ಕೆ ಭಾರದ ನ್ಯೂಟ್ರಿನೋದಲ್ಲೂ ಇತ್ತು ಅಂತ ಸಾಬೀತಾಗುವುದಿಲ್ಲ. ಎರಡೂ ಸುಳಿವು ಒಟ್ಟಿಗೆ ಸಿಕ್ಕರೆ ಕಥೆಗೆ ಬಲ ಬರುತ್ತದೆ. ನಾನು ಅಷ್ಟಕ್ಕೇ ಕೆಲಸ ಮಾಡಲು ಸಿದ್ಧ.

ನೀಲಿಚುಕ್ಕೆ:
ನನ್ನ ಒಲವು ಸ್ವಲ್ಪ ಬೇರೆ. ಭಾರದ ನ್ಯೂಟ್ರಿನೋ ಕಥೆ ಸುಂದರ, ಆದರೆ ತಪ್ಪು ಅಂತ ತೋರಿಸಲು ದಾರಿ ಬಹಳ ಕಡಿಮೆ. ಹಿಗ್ಸ್ ಕಾಲದ ಕಥೆಗೆ ಹೊಸ ಕಣ ಬೇಕು ನಿಜ, ಆದರೆ ಅದನ್ನು ಹಿಡಿಯಲೂ ಬಹುದು, ಇಲ್ಲವೆಂದು ತಳ್ಳಲೂ ಬಹುದು. ಅಂಥ ಹೊಸ ಭೇದ ಇದ್ದರೆ ಎಲೆಕ್ಟ್ರಾನಿನ ಚಾರ್ಜ್ ಒಂದು ಕಡೆಗೆ ಚೂರೇ ಚೂರು ವಾಲಿರಬೇಕು. 2023ರಲ್ಲಿ ಅಮೆರಿಕದ ಜಿಲಾ ಸಂಸ್ಥೆಯವರು ಅಳೆದು, ವಾಲಿದ್ದರೂ 4.1×10⁻³⁰ ಇ-ಸೆಂಟಿಮೀಟರ್‌ಗಿಂತ (ಎಲೆಕ್ಟ್ರಾನಿನ ಚಾರ್ಜ್ ಗುಣಿಸು ದೂರ) ಕಡಿಮೆ ಅಂದರು. ಒಂದು ಮೇಜಿನ ಮೇಲೆ ಹಿಡಿಯುವ ಪ್ರಯೋಗ ಅದು, ಎಲ್‌ಎಚ್‌ಸಿ ಮುಟ್ಟಲಾಗದ ಕಣಗಳ ಬಗ್ಗೆಯೂ ಮಾತಾಡುತ್ತದೆ. ಎಷ್ಟೋ ಸಿದ್ಧಾಂತಗಳನ್ನು ಅದು ಆಗಲೇ ಮನೆಗೆ ಕಳಿಸಿದೆ. ಗುಳ್ಳೆಗಳು ಎದ್ದಿದ್ದರೆ ಗುರುತ್ವ ಅಲೆಗಳ ಗುರುತೂ ಉಳಿದಿರಬಹುದು. ಯುರೋಪಿನವರು 2030ರ ದಶಕದಲ್ಲಿ ಹಾರಿಸಲಿರುವ ಲೀಸಾ ಎಂಬ ಗುರುತ್ವ ಅಲೆ ವೀಕ್ಷಣಾಲಯ ಅದನ್ನೂ ಹುಡುಕಲಿದೆ.

ತಾರಾಪಥ:
ಸರ್ನ್‌ನಲ್ಲಿ ಪ್ರತಿದ್ರವ್ಯವನ್ನೇ ಹಿಡಿದಿಟ್ಟು ಅಳೆಯುತ್ತಾರಲ್ಲ, ಅದರಿಂದ ಏನಾದರೂ ಗೊತ್ತಾಯಿತಾ? ಅದು ಮೇಲಕ್ಕೆ ಬೀಳುತ್ತದೆ ಅಂತ ಎಲ್ಲೋ ಓದಿದ್ದೆ.

ನೀಲಿಚುಕ್ಕೆ:
ಕೆಳಕ್ಕೇ ಬೀಳುತ್ತದೆ. 2023ರಲ್ಲಿ ಆಲ್ಫಾ ತಂಡ ಆಂಟಿಹೈಡ್ರೋಜನ್ ಪರಮಾಣುಗಳನ್ನು ಕಾಂತದ ಬಲೆಯಲ್ಲಿ ಹಿಡಿದು ನಿಧಾನವಾಗಿ ಬಿಟ್ಟು ನೋಡಿತು. ಹೆಚ್ಚಿನವು ಕೆಳಗಿನಿಂದ ಹೊರಬಂದವು. ಅದೇ ತಂಡ ಆಂಟಿಹೈಡ್ರೋಜನ್ ಹೀರುವ ಬೆಳಕಿನ ಬಣ್ಣವನ್ನು ಒಂದು ಲಕ್ಷ ಕೋಟಿಯಲ್ಲಿ ಎರಡು ಪಾಲಿನಷ್ಟು ನಿಖರವಾಗಿ ಅಳೆದಿದೆ, ಹೈಡ್ರೋಜನ್‌ನದ್ದೇ ಬಂತು. ಬೇಸ್ ತಂಡ ಪ್ರೋಟಾನ್, ಆಂಟಿಪ್ರೋಟಾನ್‌ಗಳ ಚಾರ್ಜ್ ಮತ್ತು ತೂಕದ ಅನುಪಾತ ಹೋಲಿಸಿದೆ, ಅಲ್ಲೂ ವ್ಯತ್ಯಾಸ ಇಲ್ಲ. ಇಲ್ಲಿ ವ್ಯತ್ಯಾಸ ಕಂಡರೆ ಸಖರೋವ್ ಷರತ್ತುಗಳನ್ನೇ ಮತ್ತೆ ಬರೆಯಬೇಕಾಗುತ್ತದೆ. ತೂಕ ಒಂದೇ ಅನ್ನುವ ಆಧಾರದ ಮೇಲೆ ಮೂರನೇ ಷರತ್ತು ನಿಂತಿದೆ.

ಸ್ಕ್ಯಾನ್‌ಕೋಣೆ:
ಕೊನೆಗೆ ಒಂದು ಸಂದೇಹ. ಎಲ್ಲರೂ ಪ್ರೋಟಾನಿನ ಲೆಕ್ಕ ಹೇಳಿದಿರಿ. ಎಲೆಕ್ಟ್ರಾನ್ ಎಷ್ಟು ಉಳಿಯಿತು? ಅದಕ್ಕೂ ಬೇರೆ ಸಂಖ್ಯೆ ಇದೆಯಾ?

ನ್ಯೂಟ್ರಿನೋಪ್ರಿಯೆ:
ಬೇರೆ ಬೇಡ. ವಿಶ್ವದ ಒಟ್ಟು ಚಾರ್ಜ್ ಸೊನ್ನೆ, ಹಾಗಾಗಿ ಪ್ರೋಟಾನ್ ಎಷ್ಟು ಉಳಿಯಿತೋ ಎಲೆಕ್ಟ್ರಾನೂ ಅಷ್ಟೇ ಉಳಿಯಬೇಕು. ಪ್ರೋಟಾನ್‌ಗಳ ಜೋಡಿ ಅಳಿದದ್ದು ಮೊದಲ ಸೆಕೆಂಡಿನ ಸಾವಿರದ ಒಂದು ಪಾಲಿಗೂ ಮೊದಲೇ. ಪಾಸಿಟ್ರಾನ್ ಹಗುರ, ಅದರ ಜೋಡಿ ಹುಟ್ಟಲು ಕಡಿಮೆ ಬಿಸಿ ಸಾಕು. ಹಾಗಾಗಿ ಅವು ಇನ್ನೂ ಕೆಲವು ಸೆಕೆಂಡು, ಕೊನೆಯವು ನಿಮಿಷಗಳವರೆಗೂ ಇದ್ದವು.

ಲೆಕ್ಕ ಸಿಗದೇ ಇರುವುದು ನ್ಯೂಟ್ರಿನೋಗಳದ್ದು. ಆಗಿನ ಕಾಲದವು ಈಗಲೂ ಪ್ರತಿ ಘನ ಸೆಂಟಿಮೀಟರ್‌ಗೆ ಸುಮಾರು 336 ಇರಬೇಕು, ಮೂರೂ ಬಗೆ, ಪ್ರತಿನ್ಯೂಟ್ರಿನೋ ಎಲ್ಲ ಸೇರಿ. ಅವು ಎಷ್ಟು ತಣ್ಣಗಿವೆ ಅಂದರೆ ಇವತ್ತಿಗೂ ಒಂದನ್ನೂ ನೇರವಾಗಿ ಹಿಡಿದಿಲ್ಲ. ಅವುಗಳಲ್ಲಿ ಯಾವ ಕಡೆ ಜಾಸ್ತಿ ಇದೆ ಅಂತ ಎಣಿಸಲು ಬಂದರೆ ನನ್ನ ಕಥೆಯನ್ನೂ ನೀಲಿಚುಕ್ಕೆ ಸರ್ ಕಥೆಯನ್ನೂ ಅಲ್ಲೇ ಪರೀಕ್ಷೆಗೆ ಇಡಬಹುದು.